ಗಣಿತದ ಪ್ರಶ್ನೆಪತ್ರಿಕೆ ರಚಿಸುವವರಿಗೆ ತ್ಯಾಮಗೊಂಡ್ಲು ಹೋಬಳಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ: ಹತ್ತನೆಯ ತರಗತಿಯ ಗಣಿತ ಪ್ರಶ್ನೆಪತ್ರಿಕೆಯ ರಚನಾಕಾರರು, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ, ಮಲ್ಲೇಶ್ವರಂ, ಬೆಂಗಳೂರು.

ವಿಷಯ: ನೆಲಮಂಗಲ ತಾಲ್ಲೂಕು ತ್ಯಾಮಗೊಂಡ್ಲು ಹೋಬಳಿಯ ಪರೀಕ್ಷಾರ್ಥಿಗಳು ಗಣಿತವನ್ನು ಅನ್ವಯಿಸಿಕೊಳ್ಳುತ್ತಿರುವ ಬಗೆ.

ಎಸ್ಸೆಸ್ಸೆಲ್ಸಿಯ ಗಣಿತ ಲಿಖಿತ ಪರೀಕ್ಷೆ 80 ಅಂಕಗಳದ್ದು. ಶಾಲೆಯಲ್ಲೇ ಕೊಡುವ 20 ಆಂತರಿಕ ಅಂಕ ಸೇರಿದರೆ ನೂರು. ಪ್ರಶ್ನೆಗಳು 38. ಬರೆಯಲು ಮೂರು ಗಂಟೆ. ಅದಕ್ಕೂ ಮುಂಚೆ ಪ್ರಶ್ನೆಗಳನ್ನು ಓದಿ ಗಾಬರಿಪಡಲು ಹದಿನೈದು ನಿಮಿಷ. ತ್ಯಾಮಗೊಂಡ್ಲು ಹೋಬಳಿಯಲ್ಲಿ ಈ ಪರೀಕ್ಷೆಯ ಸಿದ್ಧತೆ ರಾಗಿ ಒಕ್ಕಣೆಯ ಹೊತ್ತಿಗೆ ಬಿರುಸಾಗಿ, ಹುಣಸೆ ಬಡಿಯುವ ಕಾಲಕ್ಕೆ ಮುಗಿಯುತ್ತದೆ. ಸಂಜೆ ವಿಶೇಷ ತರಗತಿ, ಬೆಳಗಿನ ಜಾವ ಮೇಷ್ಟರ ಫೋನು, ಆಗಾಗ ಮನೆ ಭೇಟಿ, ಕೊನೆಗೆ ಪೂರ್ವಸಿದ್ಧತಾ ಪರೀಕ್ಷೆ, ಇವಿಷ್ಟು ಅದರ ಹೊರಗಿನ ಅಂಗಗಳು. ಜಾವದ ಫೋನನ್ನು ಸಾಮಾನ್ಯವಾಗಿ ತಾಯಿ ಎತ್ತುತ್ತಾಳೆ; 'ಎದ್ದು ಓದ್ತಾವ್ನೆ ಸಾರ್' ಎಂಬ ಉತ್ತರ ಸಿಗುತ್ತದೆ. ಪರೀಕ್ಷಾರ್ಥಿ ಮಾತ್ರ ಹೊದಿಕೆಯೊಳಗೇ ಇರುತ್ತಾನೆ.

ಒಳಗಿನ ಅಂಗ ಲೆಕ್ಕಾಚಾರ. ಒಂದು ಅಂಕದ ಬಹು ಆಯ್ಕೆ ಎಂಟು, ಒಂದೇ ಅಂಕದ ಬಿಡಿ ಪ್ರಶ್ನೆ ಎಂಟು, ಎರಡರವು ಎಂಟು, ಮೂರರವು ಒಂಬತ್ತು, ನಾಲ್ಕರವು ನಾಲ್ಕು, ಐದರದು ಒಂದು. ಈ ಕೂಡಿಸುವ ಲೆಕ್ಕ ಪಠ್ಯದಲ್ಲಿಲ್ಲ, ಪರೀಕ್ಷೆಯಲ್ಲಿ ಕೇಳುವುದೂ ಇಲ್ಲ. ಆದರೂ ಪೈಥಾಗೊರಸ್ ಗೊತ್ತಿಲ್ಲದವರಿಗೂ ಇದು ಕಂಠಪಾಠ. ಇದರ ಮೇಲೆ ನಿಂತಿರುವುದೇ 'ಪಾಸಿಂಗ್ ಪ್ಯಾಕೇಜ್' ಎಂಬ ಶಾಸ್ತ್ರ. ಹದಿನೈದರ ಸುಮಾರು ಅಧ್ಯಾಯಗಳಲ್ಲಿ ಯಾವುದನ್ನು ಓದಬೇಕು ಎಂಬುದಕ್ಕಿಂತ ಯಾವುದನ್ನು ನಿರ್ಭಯವಾಗಿ ಬಿಡಬಹುದು ಎಂಬುದೇ ಅದರ ಸಾರ. ಎರಡು ಸಮೀಕರಣದ ಗ್ರಾಫು ಎಳೆದರೆ ನಾಲ್ಕು ಮಾರ್ಕ್ಸು ಗ್ಯಾರಂಟಿ. ಸರಾಸರಿ, ಮಧ್ಯಾಂಕ, ಬಹುಲಕಗಳಲ್ಲಿ ಒಂದು ಬಂದೇ ಬರುತ್ತದೆ. ಥೇಲ್ಸ್‌ನ ಪ್ರಮೇಯವನ್ನು ಉರು ಹೊಡೆಯಬಹುದು, ಆದರೆ ಅಲ್ಲೊಂದು ಅಪಾಯವಿದೆ. ಉರು ಹೊಡೆದದ್ದು ಎಬಿಸಿ ತ್ರಿಭುಜಕ್ಕೆ. ಪತ್ರಿಕೆಯಲ್ಲಿ ಪಿಕ್ಯೂಆರ್ ತ್ರಿಭುಜ ಕೊಟ್ಟರೆ ಪ್ರಮೇಯ ಸುಳ್ಳಾಗುತ್ತದೆ ಎಂಬುದು ಹಿಂದಿನ ಬೆಂಚಿನ ಖಚಿತ ಅಭಿಪ್ರಾಯ. ಎರಡು ಸಾವಿರದ ಐನೂರು ವರ್ಷಗಳಿಂದ ಥೇಲ್ಸ್‌ಗೆ ಹೊಳೆಯದ ಅಪವಾದ ಇದು.

ಇಷ್ಟು ಕನಿಷ್ಠ ಶ್ರಮದಲ್ಲಿ ಪಾಸಿಗೆ ಬೇಕಾದಷ್ಟೇ ಅಂಕ ಹೊಂದಿಸುವುದು ಗಣಿತದಲ್ಲೇ ಒಂದು ಗೌರವಾನ್ವಿತ ಶಾಖೆ. ಕಾರ್ಖಾನೆಗಳು ಇದಕ್ಕೆ ಸಂಬಳ ಕೊಟ್ಟು ಎಂಜಿನಿಯರುಗಳನ್ನು ಇಟ್ಟುಕೊಳ್ಳುತ್ತವೆ. ಪರೀಕ್ಷಾರ್ಥಿ ಅದನ್ನು ಪುಕ್ಕಟೆ ಮಾಡುತ್ತಾನೆ, ಅದಕ್ಕೆ ಅಂಕವೂ ಇಲ್ಲ.

ಆದರೆ ಅನ್ವಯಿಕ ಗಣಿತದ ಅತ್ಯುತ್ತಮ ಮಾದರಿ ಹೋಬಳಿಯಿಂದ ಬಂದದ್ದಲ್ಲ, ಬೆಂಗಳೂರಿನಿಂದ ಬಂದದ್ದು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ನಡೆಯಿತು. ಕ್ಯಾಮೆರಾ ಯಾವ ಪಾಠವನ್ನೂ ಮರೆಸಲಿಲ್ಲ. ಮೂಲೆಯಲ್ಲಿ ಕೂತು ಸುಮ್ಮನೆ ನೋಡಿತು. ಅಷ್ಟಕ್ಕೇ ಫಲಿತಾಂಶ ಪಾತಾಳ ಕಂಡಿತು. ಆಗ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಲಾಯಿತು, ಅದನ್ನು ಪಡೆಯುವ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಲಾಯಿತು. ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿದ ಮೇಲೆ ಫಲಿತಾಂಶ ಶೇ 73.40ರಲ್ಲಿ ನಿಂತಿತು. 2025ರಲ್ಲಿ ಕೃಪಾಂಕ ಕೈಬಿಟ್ಟಾಗ ಪರೀಕ್ಷೆ–1ರ ಫಲಿತಾಂಶ ಶೇ 66.14ಕ್ಕೆ ಇಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಉತ್ತೀರ್ಣದ ಗೆರೆಯೇ ಶೇ 35ರಿಂದ 33ಕ್ಕೆ ಸರಿಯಿತು: ಎಲ್ಲ ವಿಷಯ ಸೇರಿ 625ಕ್ಕೆ 206. ಹೋಬಳಿಯ ಯಾರಾದರೂ ಜಾಣ ಹುಡುಗಿ ಇದನ್ನು ರಫ್ ಪುಸ್ತಕದಲ್ಲಿ ಮಾಡಿ ನೋಡಿದರೆ 625ರ ಶೇ 33 ಎಂದರೆ 206.25 ಎಂದು ಬರುತ್ತದೆ. 206 ಎಂದರೆ ಶೇ 32.96. ಕಾಲು ಅಂಕ ಎಲ್ಲಿ ಹೋಯಿತೆಂದು ಮಂಡಳಿಯನ್ನು ಕೇಳುವವರಿಲ್ಲ. ಅದೇ ಹುಡುಗಿ ಉತ್ತರಪತ್ರಿಕೆಯಲ್ಲಿ ಕಾಲು ಬಿಟ್ಟರೆ ಅರ್ಧ ಅಂಕ ಕಳೆಯುತ್ತದೆ.

ಇನ್ನು ಪ್ರಶ್ನೆಗಳ ವಿಚಾರ. 2018–19ರಿಂದ ರಾಜ್ಯದ ಹತ್ತನೆಯ ತರಗತಿಗೆ ಎನ್‌ಸಿಇಆರ್‌ಟಿಯ ಗಣಿತ ಪಠ್ಯವೇ ಕನ್ನಡಕ್ಕೆ ಬಂದಿದೆ. ಅದರ ಸಮಾಂತರ ಶ್ರೇಢಿ ಅಧ್ಯಾಯದಲ್ಲಿ ಒಂದು ಬಾವಿ ತೋಡಲಾಗುತ್ತದೆ. ಮೊದಲ ಮೀಟರಿಗೆ 150 ರೂಪಾಯಿ, ಆಮೇಲೆ ಪ್ರತಿ ಮೀಟರಿಗೂ 50 ರೂಪಾಯಿ ಹೆಚ್ಚು. ನೆಲಮಂಗಲ ತಾಲ್ಲೂಕು ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳ ಪಟ್ಟಿಯಲ್ಲಿದೆ. ಇಲ್ಲಿ ಸಾವಿರ ಅಡಿ ಕೊರೆಸುವ ಮಾತು ಯಾರಿಗೂ ಅಚ್ಚರಿ ತರುವುದಿಲ್ಲ. ಸಾವಿರ ಅಡಿ ಅಂದರೆ ಸುಮಾರು 305 ಮೀಟರ್. ಪಠ್ಯದ ದರದಲ್ಲಿ ಕೊನೆಯ ಮೀಟರಿಗೆ 15,350 ರೂಪಾಯಿ ಆಗುತ್ತದೆ, ಒಟ್ಟು ಮೊತ್ತ 23,63,750 ರೂಪಾಯಿ. ಎರಡು ಎಕರೆ ಅಡಿಕೆಗೆ ನೀರು ಕಾಣಿಸಲು ಒಂದು ಎಕರೆ ಮಾರಬೇಕೇ ಎಂಬುದು ಪಠ್ಯ ಕೇಳದ ಉಪಪ್ರಶ್ನೆ.

ಊರಿನ ಬೋರ್‌ವೆಲ್ ಲಾರಿಯೂ ಶ್ರೇಢಿಯಲ್ಲೇ ವ್ಯವಹರಿಸುತ್ತದೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ: ಮೊದಲ ಮುನ್ನೂರು ಅಡಿಗೆ ಒಂದು ರೇಟು, ಅಲ್ಲಿಂದ ಪ್ರತಿ ನೂರಡಿಗೂ ಅಡಿಯೊಂದಕ್ಕೆ ಇಷ್ಟು ಏರಿಕೆ, ಕೇಸಿಂಗ್ ಪೈಪು ಬೇರೆ. ರಾತ್ರಿ ಎರಡು ಗಂಟೆಗೆ ಧೂಳು ಏಳುತ್ತಿರುವಾಗ, ಇನ್ನೂ ನೂರಡಿ ಇಳಿಸಬೇಕೇ ನಿಲ್ಲಿಸಬೇಕೇ ಎಂದು ಯಜಮಾನ ಬಾಯಲ್ಲೇ ಮೊತ್ತ ಕಟ್ಟುತ್ತಾನೆ. ಸಂಭವನೀಯತೆಯ ಅಧ್ಯಾಯವೂ ಇದರಲ್ಲೇ ಸೇರಿದೆ: ನೀರು ಬರುವ ಸಂಭವನೀಯತೆಯನ್ನು ತೆಂಗಿನಕಾಯಿ ಹಿಡಿದು ಹೊಲ ಸುತ್ತಿದವರು ಒಂದು ಎಂದು ಆಗಲೇ ಘೋಷಿಸಿರುತ್ತಾರೆ. ಟಾರ್ಚು ಹಿಡಿದು ಪಕ್ಕದಲ್ಲಿ ನಿಂತ ಮಗ ಬೆಳಗ್ಗೆ ಶಾಲೆಗೆ ಹೋಗಿ ಶ್ರೇಢಿಯ ಲೆಕ್ಕದಲ್ಲೇ ಸೂತ್ರ ಮರೆತು ಕೂರುತ್ತಾನೆ.

ಪಠ್ಯದಲ್ಲಿ ಬಾವಿಯ ಪಕ್ಕದಲ್ಲೇ ಟ್ಯಾಕ್ಸಿಯ ಲೆಕ್ಕವಿದೆ: ಮೊದಲ ಕಿಲೋಮೀಟರಿಗೆ 15 ರೂಪಾಯಿ, ನಂತರ ತಲಾ 8. ಆ ಟ್ಯಾಕ್ಸಿ ಎಲ್ಲಿ ಸಿಗುತ್ತದೆಂದು ತಿಳಿದರೆ ಹೋಬಳಿಯೇ ಹತ್ತಲು ಸಿದ್ಧವಿದೆ. ಸರ್ಕಾರಿ ಬಸ್ಸಿನ ವಿಷಯದಲ್ಲಿ ಶ್ರೇಢಿ ಸರಳವಾಗಿದೆ. ಶಕ್ತಿ ಯೋಜನೆ ಬಂದ 2023ರ ಜೂನ್ 11ರಿಂದ ಹೆಣ್ಣುಮಕ್ಕಳ ಪಾಲಿಗೆ ಮೊದಲ ಪದ ಸೊನ್ನೆ, ಸಾಮಾನ್ಯ ವ್ಯತ್ಯಾಸ ಸೊನ್ನೆ. ನೆಲಮಂಗಲದವರೆಗಿನ ಮೊತ್ತವೂ ಸೊನ್ನೆ. ಬಸ್ಸು ನಿಲ್ಲಿಸುವ ಸಂಭವನೀಯತೆ ಮಾತ್ರ ಒಂದಕ್ಕಿಂತ ಎಷ್ಟೋ ಕಡಿಮೆ.

ತ್ರಿಕೋನಮಿತಿಯ ಅನ್ವಯಗಳಲ್ಲಿ ಗಾಳಿಗೆ ಮುರಿದ ಮರವೊಂದು ಬರುತ್ತದೆ. ತುದಿ ಬುಡದಿಂದ 8 ಮೀಟರ್ ದೂರದಲ್ಲಿ ನೆಲ ಮುಟ್ಟಿ 30 ಡಿಗ್ರಿ ಕೋನ ಮಾಡುತ್ತದೆ. ಮರದ ಎತ್ತರ 8√3 ಮೀಟರ್. ಹಳ್ಳಿಯಲ್ಲಿ ಮರ ಬಿದ್ದರೆ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ಬೆಸ್ಕಾಂಗೆ ಫೋನು ಹೋಗುತ್ತದೆ, ಅದು ಯಾರ ಬದುವಿನ ಮರ ಎಂಬ ತಕರಾರು ಏಳುತ್ತದೆ. ಅಷ್ಟರಲ್ಲಿ ಸಾಮಿಲ್ಲಿನವನು ಬಂದು ದಿಮ್ಮಿಗೆ ಟೇಪು ಹಿಡಿದಿರುತ್ತಾನೆ. ಅವನ ಟೇಪಿನಲ್ಲಿ √3 ಎಂಬ ಗುರುತಿಲ್ಲ. ಶಿವಗಂಗೆ ಬೆಟ್ಟ ಇದೇ ತಾಲ್ಲೂಕಿನದು. ಎರಡು ಕಡೆ ನಿಂತು ಕೋನ ಅಳೆದು ಅದರ ಎತ್ತರ ಕಂಡುಹಿಡಿ ಎಂದರೆ ಮಧ್ಯಾಹ್ನವೊಂದರಲ್ಲಿ ಅಧ್ಯಾಯ ಮುಗಿಯುತ್ತದೆ. ಪತ್ರಿಕೆ ಮಾತ್ರ ಹೆಸರಿಲ್ಲದ ಗೋಪುರವನ್ನು, ಹೆಸರಿಲ್ಲದ ಕಟ್ಟಡದ ಮೇಲಿಂದ ನೋಡುತ್ತಲೇ ಇದೆ.

ವೃತ್ತಗಳ ವಿಸ್ತೀರ್ಣದಲ್ಲಿ 15 ಮೀಟರ್ ಚೌಕದ ಹುಲ್ಲುಗಾವಲಿನ ಮೂಲೆಗೆ 5 ಮೀಟರ್ ಹಗ್ಗದಿಂದ ಕುದುರೆ ಕಟ್ಟಿದೆ. ಅದು ಮೇಯುವ ಜಾಗ 19.625 ಚದರ ಮೀಟರ್. ಹೋಬಳಿಯಲ್ಲಿ ಕುದುರೆ ಹುಡುಕುವುದು ಕಷ್ಟ; ಹುಲ್ಲುಗಾವಲು ಹುಡುಕುವುದು ಅದಕ್ಕಿಂತ ಕಷ್ಟ. ಬೆಂಗಳೂರು–ತುಮಕೂರು ಹೆದ್ದಾರಿ ಒಂದು ಮಗ್ಗುಲಿಗೆ, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆ ಇನ್ನೊಂದು ಮಗ್ಗುಲಿಗೆ ಬಂದ ಮೇಲೆ ಹುಲ್ಲಿನ ಜಾಗದಲ್ಲಿ ಕಲ್ಲು ನೆಟ್ಟು ಬಣ್ಣ ಬಳಿಯಲಾಗಿದೆ. ಇಲ್ಲಿನ ವಿಸ್ತೀರ್ಣದ ಲೆಕ್ಕ ಬೇರೆ: ಗುಂಟೆಗೆ 1,089 ಚದರಡಿ, ಎಕರೆಗೆ 40 ಗುಂಟೆ, ಅಂದರೆ 43,560 ಚದರಡಿ. ರಸ್ತೆ, ಪಾರ್ಕಿಗೆಂದು ಶೇ 45 ಬಿಟ್ಟರೆ ಮೂವತ್ತು–ನಲವತ್ತರ ಸೈಟು ಎಷ್ಟು? ಹತ್ತೊಂಬತ್ತು ಮುಗಿದು ಇಪ್ಪತ್ತನೆಯದಕ್ಕೆ 42 ಚದರಡಿ ಕಡಿಮೆ ಬೀಳುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೇ ಡುಮ್ಕಿ ಹೊಡೆದ ಬ್ರೋಕರ್ ಇದನ್ನು ಟೀ ಅಂಗಡಿಯಲ್ಲಿ, ಬೈ–ಟು ಮುಗಿಯುವುದರೊಳಗೆ, ಇಪ್ಪತ್ತು ಎಂದೇ ಹೇಳುತ್ತಾನೆ. ಕಡಿಮೆ ಬಿದ್ದ 42 ಚದರಡಿಯನ್ನು ಪಾರ್ಕು ಕೊಡುತ್ತದೆ. ಅವನು ಮತ್ತು ಮಂಡಳಿ ಅಂಕಿಗಳನ್ನು ಹತ್ತಿರದ ಅನುಕೂಲಕ್ಕೆ ಸರಿಹೊಂದಿಸುವುದರಲ್ಲಿ ಒಂದೇ ಪಂಥದವರು.

ಕನ್ನಡನಾಡಿಗೆ ಇಂಥ ಲೆಕ್ಕ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಬಡ್ಡಿಗೆ, ಚಿನ್ನದ ಬೆರಕೆಗೆ, ಗುಂಡಿ ತೋಡುವುದಕ್ಕೆ, ನೆರಳಿನ ಅಳತೆಗೆ ಲೆಕ್ಕಗಳಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಬರೆದ. ಇಬ್ಬರ ಹೆಸರೂ ಹೋಬಳಿಯ ಪಾಸಿಂಗ್ ಪ್ಯಾಕೇಜಿನಲ್ಲಿ ಇಲ್ಲ. ಒಂದು ಅಂಕಕ್ಕೂ ಬರುವುದಿಲ್ಲವಾದ್ದರಿಂದ ಇರಬೇಕಾಗಿಯೂ ಇಲ್ಲ.

ಪರೀಕ್ಷೆಯ ದಿನ ಗ್ರಾಫ್ ಹಾಳೆಯನ್ನು ಕೇಂದ್ರದಲ್ಲೇ ಕೊಡುತ್ತಾರೆ, ಪೆನ್ಸಿಲನ್ನು ಮನೆಯಿಂದ ತರಬೇಕು. ಕ್ಯಾಮೆರಾದ ಕೆಳಗೆ ಗ್ರಾಫು ಬೀಳುತ್ತದೆ, ಎಬಿಸಿ ತ್ರಿಭುಜಕ್ಕೆ ಪ್ರಮೇಯ ಬೀಳುತ್ತದೆ, ಮರದ ಎತ್ತರ ಕೆಲವರಿಗೆ ಋಣ ಸಂಖ್ಯೆಯಲ್ಲಿ ಬರುತ್ತದೆ. ತಪ್ಪಿದವರಿಗೆ ಅದೇ ವರ್ಷ ಪರೀಕ್ಷೆ–2 ಇದೆ. ಪಾಸಾದವರು ಗಣಿತವಿಲ್ಲದ ಪಿಯುಸಿ ಸಂಯೋಜನೆ ಹುಡುಕುತ್ತಾರೆ, ಕೆಲವರು ಐಟಿಐಗೆ, ಕೆಲವರು ಸೋಂಪುರದ ಕಾರ್ಖಾನೆಗಳ ಪಾಳಿಗೆ ಹೋಗುತ್ತಾರೆ. ಅಂಕಪಟ್ಟಿಗೆ ಲ್ಯಾಮಿನೇಷನ್ ಆಗುತ್ತದೆ. ಆಮೇಲೆ ಪಾಸ್‌ಪೋರ್ಟಿಗೋ ಕೆಲಸಕ್ಕೋ ಅರ್ಜಿ ಹಾಕುವಾಗ ಅದನ್ನು ಕೇಳುತ್ತಾರೆ. ಕೌಂಟರಿನಲ್ಲಿ ಕೂತವರು ಗಣಿತದ ಸಾಲನ್ನು ದಾಟಿ ಜನ್ಮದಿನಾಂಕವನ್ನು ನೋಡಿಕೊಂಡು ವಾಪಸು ಕೊಡುತ್ತಾರೆ.