ಮುಂಗಾರಿಗೆ ಜಾಮೀನು

ಕೆನಡಾ ದೇಶದ ಸಸ್ಕ್ಯಾಚೆವಾನ್ ಪ್ರಾಂತದಲ್ಲಿ, ಭೂಮಿಯು ಸಮತಟ್ಟಾಗಿರಬೇಕೆಂದು ವಿಧಾತನು ಸಂಕಲ್ಪಿಸಿ ಆ ಸಂಕಲ್ಪವನ್ನು ಅಣುಮಾತ್ರವೂ ಸಡಿಲಿಸದೆ ನೆರವೇರಿಸಿದ ಸೀಮೆಯಲ್ಲಿ, ಜನಗಣತಿಯವರಿಗೆ ನೂರು ತಲೆಗಳನ್ನೂ ಲೆಕ್ಕ ಕೊಡಲಾರದ ಗ್ರಾಮವೊಂದಿದೆ. ನನ್ನ ಪತ್ನಿಯು ಸಮೀಪದ ಪಟ್ಟಣದ ಆಸ್ಪತ್ರೆಯಲ್ಲಿ ವೈದ್ಯೆಯಾಗಿರುವ ಕಾರಣದಿಂದಲೂ, ಪಟ್ಟಣಕ್ಕಿಂತ ಇಲ್ಲಿ ಮನೆಬಾಡಿಗೆ ಕಡಿಮೆಯೆಂಬ ಅದಕ್ಕಿಂತ ಬಲವಾದ ಕಾರಣದಿಂದಲೂ ನಾವು ಈ ಊರಿನಲ್ಲಿ ನೆಲಸಿದ್ದೇವೆ. ಊರಿನ ಹೆಸರನ್ನು ಹೇಳುವಂತಿಲ್ಲ. ಇಲ್ಲಿರುವ ಕನ್ನಡ ಸಂಸಾರ ನಮ್ಮದೊಂದೇ ಆದುದರಿಂದ, ಹೆಸರು ಹೇಳಿದೊಡನೆ ಈ ಲೇಖನದಲ್ಲಿ ಬರುವ ಮಾವನವರು ಯಾರ ಮಾವನವರೆಂಬುದು ಬಯಲಾಗಿ, ಅವರು ಕಲಬುರಗಿಯಿಂದ ಹೊತ್ತುತರುವ ಶೇಂಗಾ ಹಿಂಡಿಗೆ ಸಂಚಕಾರ ಬರುವುದು ನಿಶ್ಚಯ.

ಇಲ್ಲಿಯ ಊರುಗಳು ನಮ್ಮ ಊರುಗಳಂತೆ ಕೆರೆಯನ್ನೋ ಗುಡಿಯನ್ನೋ ಆಶ್ರಯಿಸಿ ಬೆಳೆದವಲ್ಲ. ಮೊದಲು ಅಳತೆಗಾರರು ಬಂದು, ಅನಾದಿಯಿಂದ ಅಲ್ಲಿದ್ದ ಮೂಲನಿವಾಸಿಗಳ ಅಭಿಪ್ರಾಯಕ್ಕೆ ಹೆಚ್ಚೇನೂ ಕಿವಿಗೊಡದೆ, ನೆಲವನ್ನೆಲ್ಲ ಚದರ ಮೈಲಿಗಳಾಗಿ ವಿಭಜಿಸಿದರು. 1872ರ ಕಾಯಿದೆಯು ಹತ್ತು ಡಾಲರು ಶುಲ್ಕ ಕಟ್ಟಿ ಉತ್ತು ನೆಲಸುವವನಿಗೆ 160 ಎಕರೆಯನ್ನು ದಯಪಾಲಿಸಿತು. ಬಳಿಕ ರೈಲಿನವರು ಬಂದು, ಕುದುರೆಗಾಡಿಯಲ್ಲಿ ಗೋಧಿ ಹೇರಿಕೊಂಡು ಹೊರಟ ಒಕ್ಕಲಿಗನು ಕತ್ತಲಾಗುವುದರೊಳಗೆ ಮನೆ ಸೇರುವಷ್ಟು ದೂರಕ್ಕೊಂದರಂತೆ ನಿಲ್ದಾಣವನ್ನು ನೆಟ್ಟು ಹೋದರು; ಅದರ ಪಕ್ಕದಲ್ಲೊಂದು ಎತ್ತರದ ಮರದ ಕಣಜವೂ ಎದ್ದಿತು. ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ಎಂಬ ರೈಲು ಕಂಪನಿಯಂತೂ ಹೆಸರು ಹುಡುಕುವ ಗೋಜಿಗೆ ಹೋಗದೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿಯೇ ಊರುಗಳಿಗೆ ನಾಮಕರಣ ಮಾಡಿತು. ವಾಟ್ರಸ್, ಎಕ್ಸ್ ಅಕ್ಷರದ ಝೀನಾ, ಯಂಗ್, ಝೆಲ್ಮಾ ಎಂದು ಆ ಮಾಲೆಯ ಕೊನೆಯ ಮಣಿಗಳು ಇಂದಿಗೂ ನಕ್ಷೆಯಲ್ಲಿವೆ. ನಮ್ಮ ಅಕ್ಷರಮಾಲೆಯನ್ನು ಹಿಡಿದು ಹೊರಟಿದ್ದರೆ ಊರುಗಳ ಸಂಖ್ಯೆ ಇಮ್ಮಡಿಯಾಗುತ್ತಿದ್ದುದು ನಿಜವಾದರೂ, ಙಕಾರದ ನಿಲ್ದಾಣವನ್ನು ಮುಟ್ಟಿದ ದಿನವೇ ಇಂಜಿನಿಯರು ರಾಜೀನಾಮೆ ಕೊಟ್ಟು ಹಡಗು ಹತ್ತುತ್ತಿದ್ದನು. ರಸ್ತೆಗಳೆಲ್ಲ ಉತ್ತರ ದಕ್ಷಿಣವಾಗಿ ಅಥವಾ ಪೂರ್ವ ಪಶ್ಚಿಮವಾಗಿ ಹರಿಯುವುದನ್ನು ಕಂಡ ನಮ್ಮ ಮಾವನವರು, ಇಡೀ ಪ್ರಾಂತವೇ ವಾಸ್ತುಬದ್ಧವಾಗಿರುವುದರಿಂದ ಇಷ್ಟು ಚಳಿಯಲ್ಲಿಯೂ ಮಂದಿ ಬದುಕಿಕೊಂಡಿದ್ದಾರೆಂದು ತೀರ್ಮಾನಿಸಿದರು.

ಊರಿನಲ್ಲಿ ಅಂಚೆಕಛೇರಿ ಒಂದು, ಸಭಾಭವನ ಒಂದು, ಕರ್ಲಿಂಗ್ ಆಡುವ ಮಂಜಿನ ಅಂಗಣ ಒಂದು, ಸಹಕಾರ ಸಂಘದ ಅಂಗಡಿ ಒಂದು. ಈ ಅಂಗಡಿಯ ಮೂಲೆಯಲ್ಲಿ ಪ್ರಾತಃಕಾಲ ನೆರೆಯುವ ರೈತವೃದ್ಧರ ಪರಿಷತ್ತಿಗೆ ‘ಕಾಫಿ ರೋ’ ಎಂದು ಹೆಸರು. ನಮ್ಮ ಅರಳಿಕಟ್ಟೆಗೆ ಛಾವಣಿಯನ್ನೂ ಹೀಟರನ್ನೂ ಜೋಡಿಸಿದರೆ ಏನಾಗುವುದೋ ಅದೇ ಇದು. ಮಳೆ, ಧಾರಣೆ, ಯಂತ್ರದ ಬಿಡಿಭಾಗ ಮತ್ತು ಸರ್ಕಾರ ಎಂಬ ನಾಲ್ಕು ಪುರುಷಾರ್ಥಗಳನ್ನು ಅಲ್ಲಿ ವಿಮರ್ಶಿಸಿ, ಕಡೆಗೆ ದಾಳವುರುಳಿಸಿ, ಸೋತವನು ಎಲ್ಲರ ಕಾಫಿಯ ಹಣವನ್ನು ತೆರುವುದು ಪದ್ಧತಿ. ನಾನು ಮೊದಲ ಸಲ ಅಲ್ಲಿ ಕುಳಿತಾಗ ನನ್ನ ಹೆಸರನ್ನಾಗಲಿ ಉದ್ಯೋಗವನ್ನಾಗಲಿ ಯಾರೂ ಕೇಳಲಿಲ್ಲ. ಅವೆಲ್ಲ ನಮ್ಮ ಸಾಮಾನಿನ ಲಾರಿಗಿಂತ ಮುಂಚಿತವಾಗಿಯೇ ಊರು ತಲಪಿದ್ದವು. ಹಿರಿಯರೊಬ್ಬರು ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸಿ, “ನಿಮ್ಮ ಮುಂಗಾರು ಹೇಗಿದೆ?” ಎಂದು ನೇರವಾಗಿ ಕೇಳಿಬಿಟ್ಟರು.

ಆ ಪ್ರಶ್ನೆಯ ಬೇರು ಇಲ್ಲಿಯ ಹೊಲದಲ್ಲಿಯೇ ಇದೆ. ಗೋಧಿಯನ್ನು ನಂಬಿ, ನೆಲಕ್ಕೆ ಬಿಡುವು ಕೊಡಲೆಂದು ಆಗಾಗ ಹೊಲವನ್ನು ಪಾಳು ಬಿಡುತ್ತಿದ್ದ ಈ ಸೀಮೆಗೆ, ಸಸ್ಕಟೂನ್ ನಗರದ ವಿಶ್ವವಿದ್ಯಾನಿಲಯದ ಆಲ್ ಸ್ಲಿಂಕಾರ್ಡ್ ಎಂಬ ವಿಜ್ಞಾನಿಯು 1978ರಲ್ಲಿ ‘ಲೇರ್ಡ್’ ಎಂಬ ಮಸೂರದ ತಳಿಯನ್ನು ಕೊಟ್ಟರು. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮಣ್ಣಿಗೂ ಉಪಕಾರ ಮಾಡಿ, ಒಡೆಯನ ಜೇಬಿಗೂ ಉಪಕಾರ ಮಾಡುವ ಈ ಕಾಳು ಹಬ್ಬಿ, ಕೆನಡಾ ದೇಶವು ಲೋಕದಲ್ಲಿಯೇ ಅತ್ಯಧಿಕವಾಗಿ ಮಸೂರವನ್ನು ರಫ್ತು ಮಾಡುವ ದೇಶವಾಯಿತು. ಆದರೆ ಬೆಳೆಯುವವರು ಅದನ್ನು ತಿನ್ನುವುದು ಅಪರೂಪ. ಸುಗ್ಗಿ ಮುಗಿದ ಮೇಲೆ ಸಭಾಭವನದಲ್ಲಿ ಟರ್ಕಿಕೋಳಿಯ ಸಾಮೂಹಿಕ ಭೋಜನ ನಡೆದಾಗ, ಸಸ್ಯಾಹಾರಿಗಳಾದ ನಾವು ನಮ್ಮ ರಕ್ಷಣೆಗೆಂದು ಒಯ್ದ ಬೇಳೆಸಾರನ್ನು ನೆರೆಮನೆಯ ರೈತ ಮಹಾಶಯರು ಚಮಚದಿಂದ ಎತ್ತಿ, ಬೆಳಕಿಗೆ ಹಿಡಿದು, ಸವಿದು, ಇದೇನೆಂದು ಕೇಳಿದರು. “ನಿಮ್ಮದೇ ಹೊಲದ ಬೆಳೆ,” ಎಂದಳು ನನ್ನ ಪತ್ನಿ. “ಅಮ್ಮಾ, ರೈಲು ಹತ್ತಿಸುವವರೆಗೆ ಮಾತ್ರ ನಮಗೆ ಅದರ ಪರಿಚಯ,” ಎಂದು ಹೇಳಿ ಅವರು ಇನ್ನೊಂದು ಬಟ್ಟಲು ಬಡಿಸಿಕೊಂಡರು.

ರೈಲು ಹತ್ತಿದ ಆ ಕಾಳು ಹಡಗು ಹತ್ತಿ ಇಂಡಿಯಾದಲ್ಲಿ ಇಳಿಯುವುದರಿಂದಲೇ ನನ್ನ ಯಾತನೆ ಆರಂಭವಾಗುತ್ತದೆ. 2016ರ ಮುಂಗಾರು ಕೈಹಿಡಿದುದರಿಂದ ನಮ್ಮ ದೇಶದಲ್ಲಿ ಬೇಳೆಕಾಳು ಹೇರಳವಾಗಿ ಬೆಳೆದು, ಧಾರಣೆ ಕುಸಿದು, ದೆಹಲಿಯ ಸರ್ಕಾರವು 2017ರ ನವೆಂಬರಿನಲ್ಲಿ ಆಮದು ಬಟಾಣಿಯ ಮೇಲೆ ಶೇಕಡ 50ರಷ್ಟು, ಡಿಸೆಂಬರಿನಲ್ಲಿ ಮಸೂರ ಮತ್ತು ಕಡಲೆಯ ಮೇಲೆ ಶೇಕಡ 30ರಷ್ಟು ಸುಂಕವನ್ನು ಹೇರಿತಷ್ಟೆ. ಅಂದಿನಿಂದ ಈ ಊರಿನ ದೃಷ್ಟಿಯಲ್ಲಿ ನಾನು ಇಂಡಿಯಾದ ಹಣಕಾಸಿನ ಮಂತ್ರಿಗೂ ವರುಣದೇವನಿಗೂ ಏಕಕಾಲದಲ್ಲಿ ಜಾಮೀನು ನಿಂತವನು. ಕಲಬುರಗಿಗೂ ಇಲ್ಲಿಗೂ ಹನ್ನೊಂದೂವರೆ ತಾಸಿನ ಅಂತರವಿರುವುದರಿಂದ, ಅತ್ತೆಯವರು ಸಂಜೆಯ ದೀಪ ಹಚ್ಚಿ ಫೋನು ಮಾಡುವ ಹೊತ್ತಿಗೆ ಇಲ್ಲಿ ಕಾಫಿಯ ಪರಿಷತ್ತು ಸೇರಿರುತ್ತದೆ. “ಮಳಿ ಭಾಳ ಛಲೋ ಆಗ್ಯದ ನೋಡ್ರಿ!” ಎಂಬ ಅವರ ಹರ್ಷಧ್ವನಿಯು ಫೋನಿನಿಂದ ಹೊರಚಿಮ್ಮುತ್ತಿರಲು, ಎದುರಿಗೆ ಕುಳಿತವರ ಮುಖಗಳನ್ನು ನೋಡುತ್ತಾ, ಬಂಧುವರ್ಗದಲ್ಲಿ ಯಾರಿಗೋ ಕಾಯಿಲೆಯೆಂಬ ಭಾವವನ್ನು ಮುಖದ ಮೇಲೆ ತಂದುಕೊಳ್ಳುವ ವಿದ್ಯೆ ನನಗೆ ಈಗ ಕರಗತವಾಗಿದೆ.

ಇಂತಹ ಸೂಕ್ಷ್ಮ ಸನ್ನಿವೇಶದೊಳಕ್ಕೆ, ಸೇಡಂ ಕಡೆಯ ತೊಗರಿ ಬೆಳೆಗಾರರಾದ ಮಾವನವರು ಧೋತರ, ಕೋಟು ಮತ್ತು ಮಂಗನಟೊಪ್ಪಿಗೆ ಸಮೇತರಾಗಿ ಅವತರಿಸಿದರು. ನೆರೆಯ ರೈತರ ಜಮೀನು ನಾಲ್ಕು ಸಾವಿರ ಎಕರೆಯೆಂದು ಕೇಳಿದಾಗ ಅವರು ಕೊಂಚವೂ ವಿಚಲಿತರಾಗಲಿಲ್ಲ. “ನಂದು ನೂರಿಪ್ಪತ್ತು ಗುಂಟೆ ಅಂತ ಹೇಳ್ರಿ,” ಎಂದು ಗಂಭೀರವಾಗಿ ಅಪ್ಪಣೆ ಕೊಡಿಸಿದರು. ನಲವತ್ತು ಗುಂಟೆಗೆ ಒಂದು ಎಕರೆಯೆಂಬ ರಹಸ್ಯವನ್ನು ನಾನು ಹೊರಗೆಡವಲಿಲ್ಲವಾಗಿ, ಪರಿಷತ್ತು ಅವರಿಗೆ ಕುರ್ಚಿ ಬಿಟ್ಟುಕೊಟ್ಟಿತು. ಕಟಾವಿನ ದಿನ ಯಂತ್ರದ ಗಾಜಿನ ಕೋಣೆಯಲ್ಲಿ ಕುಳಿತಾಗ, ಮೊಳಕಾಲಿಗೂ ಬಾರದ ಮಸೂರದ ಗಿಡಗಳನ್ನು ಅದು ನೆಲ ಸವರಿ ಕೊಯ್ಯುವುದನ್ನೂ, ಉಪಗ್ರಹವು ದಾರಿ ತೋರುತ್ತಿರಲು ರೈತ ಮಹಾಶಯರು ಸ್ಟಿಯರಿಂಗನ್ನು ಬಿಟ್ಟು ಎರಡೂ ಕೈಗಳಿಂದ ಸ್ಯಾಂಡ್‌ವಿಚ್ ತಿನ್ನುವುದನ್ನೂ ನೋಡಿ ಮಾತ್ರ ಮಾವನವರ ಸ್ಥೈರ್ಯ ಕದಲಿತು. “ಅಳಿಯಂದ್ರ, ಎತ್ತು ಬಿಟ್ಟಾನ, ಸರಿ, ಕೈನೂ ಬಿಟ್ಟಾನಲ್ರೀ!”

ಮರುದಿನದ ಪರಿಷತ್ತಿನಲ್ಲಿ ದುಭಾಷಿಯ ಪದವಿಯು ನನಗೆ ಒದಗಿತು. ನೆರೆಯವರ ಅಹವಾಲೆಂದರೆ, ದೆಹಲಿಯವರು ಸುಂಕ ಹಾಕಿ ತಮ್ಮ ಧಾರಣೆಯನ್ನು ಕೆಡಿಸಿದರೆಂಬುದು; ಮಾವನವರ ಅಹವಾಲೆಂದರೆ, 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಲಬುರಗಿಯ ತೊಗರಿಯಂತಹ ತೊಗರಿಯಿರುವಾಗ ದೆಹಲಿಯವರು ಹೊರಗಿನ ಕಾಳಿಗೆ ಬಾಗಿಲು ತೆರೆದು ತಮ್ಮ ಧಾರಣೆಯನ್ನು ಕೆಡಿಸಿದರೆಂಬುದು. ಪರಸ್ಪರ ವಿರುದ್ಧವಾದ ಈ ವಾದಗಳಿಂದ ಇಬ್ಬರೂ ಒಂದೇ ಸಿದ್ಧಾಂತಕ್ಕೆ ಬಂದರು: ತಪ್ಪು ಸರ್ಕಾರದ್ದು. ಕೈಕುಲುಕಿದ ಮೇಲೆ ಮಾವನವರು ನನ್ನ ಕಡೆ ತಿರುಗಿ, ನಾವು ಕಾರಿನಲ್ಲಿ ಸಸ್ಕಟೂನಿಗೆ ಹೋಗಿ ಇಂಡಿಯನ್ ಅಂಗಡಿಯಿಂದ ತರುವ ಮಸೂರ ಬೇಳೆಗೂ ತೊಗರಿ ಬೇಳೆಗೂ ಏನು ಕೊಡುತ್ತೇವೆಂದು ವಿಚಾರಿಸಿದರು. ಹೇಳಿದೆ. ಒಬ್ಬರು ಕಿಲೋಗ್ರಾಮಿನಲ್ಲಿ, ಮತ್ತೊಬ್ಬರು ಪೌಂಡಿನಲ್ಲಿ ಗುಣಾಕಾರ ಭಾಗಾಕಾರಗಳನ್ನು ಮುಗಿಸಿ, ತಮಗೆ ದೊರೆತ ಬೆಲೆಗೂ ನಾನು ತೆತ್ತ ಬೆಲೆಗೂ ನಡುವೆ ಇರುವ ದುಡ್ಡು ಎಲ್ಲಿಗೆ ಹೋಯಿತೆಂದು, ಅದು ನನ್ನ ಅಂಗಿಯ ಜೇಬಿನಲ್ಲಿಯೇ ಇರುವುದೋ ಎಂಬಂತೆ, ಇಬ್ಬರೂ ನನ್ನನ್ನೇ ದಿಟ್ಟಿಸಿದರು.

ಅಂದು ದಾಳವುರುಳಿಸಲಿಲ್ಲ. ಬೆಳೆಯುವವರು ಇಷ್ಟು ಮಂದಿ ಕುಳಿತಿರುವಾಗ ಕೊಂಡು ತಿನ್ನುವವನು ಒಬ್ಬನೇ ಇರುವನೆಂಬ ಕಾರಣದಿಂದ, ಪರಿಷತ್ತು ಸರ್ವಾನುಮತದಿಂದ ಕಾಫಿಯ ಬಿಲ್ಲನ್ನು ನನ್ನ ಮುಂದೆ ಸರಿಸಿತು. ಮಾವನವರು ಇನ್ನೊಂದು ಸುತ್ತು ಕಾಫಿಗೆ ಹೇಳಿದರು.