ಹೆಣ ಬೀಳದೆ ನಿದ್ದೆ ಬಾರದು

ನಮ್ಮ ಮನೆಯಲ್ಲಿ ಟಿವಿ ಕುರಿತು ಅಭಿಪ್ರಾಯ ಕೊಡುವ ಖಾತೆ ನನ್ನದು. ರಿಮೋಟ್ ಖಾತೆ ಹೆಂಡತಿಯದು. ವಿರೋಧ ಪಕ್ಷದಲ್ಲಿ ಅಮ್ಮ ಒಬ್ಬಳೇ ಇದ್ದರೂ ಸದನ ನಡೆಯಲು ಬಿಡುವುದಿಲ್ಲ. ಹೀಗಾಗಿ ‘ಮಿಡ್‌ಸೋಮರ್ ಮರ್ಡರ್ಸ್’ ಎಂಬ ಇಂಗ್ಲೆಂಡಿನ ಪತ್ತೇದಾರಿ ಧಾರಾವಾಹಿ ನಮ್ಮ ಹಾಲ್‌ಗೆ ಕಾಲಿಟ್ಟ ಅರ್ಧ ಗಂಟೆಯೊಳಗೆ ನಾನು ತೀರ್ಪು ಕೊಟ್ಟುಬಿಟ್ಟೆ: “ಶುದ್ಧ ಬೊಗಳೆ.”

ಕಾರಣ ಇಲ್ಲದೆ ಹೇಳಿದ್ದಲ್ಲ. ಹುಲ್ಲು ಹೊದಿಸಿದ ಮನೆಗಳು, ಕಲ್ಲಿನ ಚರ್ಚು, ಬೇಲಿಯ ತುಂಬ ಗುಲಾಬಿ. ಅಂಥ ಊರಲ್ಲಿ ಕಂತಿಗೆ ಎರಡೋ ಮೂರೋ ಹೆಣ! ಮಿಡ್‌ಸೋಮರ್ ಎಂಬ ಜಿಲ್ಲೆಯೇ ಇಂಗ್ಲೆಂಡಿನಲ್ಲಿಲ್ಲ. ಅದು ಕ್ಯಾರೊಲಿನ್ ಗ್ರಹಾಂ ಎಂಬ ಕಾದಂಬರಿಕಾರ್ತಿ ಕಟ್ಟಿದ ಸೀಮೆ. ಶೂಟಿಂಗ್ ನಡೆಯುವುದು ಆಕ್ಸ್‌ಫರ್ಡ್‌ಶೈರ್, ಬಕಿಂಗ್‌ಹ್ಯಾಮ್‌ಶೈರ್ ಕಡೆಯ ಹಳ್ಳಿಗಳಲ್ಲಿ. ಇಷ್ಟು ಜನ ಸತ್ತರೂ ಅಲ್ಲಿ ಒಬ್ಬನೂ ಮನೆ ಖಾಲಿ ಮಾಡುವುದಿಲ್ಲ. ಕ್ರಿಕೆಟ್ ಪಂದ್ಯ, ಚರ್ಚಿನ ಗಂಟೆ ಬಾರಿಸುವ ಸ್ಪರ್ಧೆ, ಎಲ್ಲ ಸಾಂಗವಾಗಿ ನಡೆಯುತ್ತವೆ. “ನಮ್ಮಲ್ಲಿ ಒಂದು ಕೊಲೆಯಾದ ಬೀದಿಗೆ ಬಾಡಿಗೆಗೂ ಜನ ಬರಲ್ಲ ಕಣೋ” ಎಂದಳು ಅಮ್ಮ. ಅವಳು ನನ್ನ ಪಕ್ಷಕ್ಕೆ ವೋಟು ಹಾಕಿದ್ದು ಅದೊಂದೇ ಸಲ.

ಎರಡನೆಯ ತೀರ್ಪು ಬಂದದ್ದು ಮರುವಾರ. ಬೊಗಳೆ ಎಂದ ಮೇಲೂ ಕಂತು ಬಿಡದೆ ನೋಡುವುದಕ್ಕೆ ಒಂದು ಘನವಾದ ಕಾರಣ ಬೇಕಿತ್ತು. “ಇದು ಬರೀ ಕೊಲೆ ಕಥೆ ಅಲ್ಲ. ಬ್ರಿಟಿಷ್ ವರ್ಗವ್ಯವಸ್ಥೆಯ ವಿಡಂಬನೆ” ಎಂದು ಘೋಷಿಸಿದೆ. “ಹಾಗಾದ್ರೆ ಕಾಲು ಮೇಲೆತ್ತಿ, ಕಸ ಗುಡಿಸ್ಬೇಕು” ಎಂದಳು ಹೆಂಡತಿ.

ನಿಜ ಹೇಳಬೇಕೆಂದರೆ ನನ್ನನ್ನು ಕೆಡಿಸಿದ್ದು ವಿಡಂಬನೆಯಲ್ಲ, ಆ ಶೀರ್ಷಿಕೆ ಸಂಗೀತ. ಜಿಮ್ ಪಾರ್ಕರ್ ಸಂಯೋಜನೆ. ಅದನ್ನು ನುಡಿಸುವ ಥೆರಮಿನ್ ಎಂಬ ವಾದ್ಯವನ್ನು ಕೈಯಿಂದ ಮುಟ್ಟುವಂತೆಯೇ ಇಲ್ಲ. ಎರಡು ಆಂಟೆನಾಗಳ ಹತ್ತಿರ ಗಾಳಿಯಲ್ಲಿ ಕೈಯಾಡಿಸಬೇಕು. ಯಾರೋ ಹೆಂಗಸು ಬಾಯಿ ಮುಚ್ಚಿಕೊಂಡು ಗುನುಗಿದ ಹಾಗೆ ಕೇಳುತ್ತದೆ. ಆ ರಾಗ ಶುರುವಾದರೆ ನನ್ನ ಕೈ ತಾನಾಗಿ ಚಕ್ಕುಲಿ ಡಬ್ಬದ ಕಡೆ ಹೋಗುತ್ತಿತ್ತು.

ಇನ್ನು ಸಾಯಿಸುವ ವಿಧಾನಗಳು. ನಮ್ಮ ಕಡೆಯ ಮಚ್ಚು ಲಾಂಗು ಅವರಿಗೆ ಸಪ್ಪೆ. ಒಂದು ಕಂತಿನಲ್ಲಿ ಒಬ್ಬನನ್ನು ಕ್ರೋಕೆ ಆಡುವ ಹುಲ್ಲುಹಾಸಿನ ಮೇಲೆ ಅಂಗಾತ ಮಲಗಿಸಿ, ಆಟದ ಕಮಾನುಗಳನ್ನೇ ನೆಲಕ್ಕೆ ಹೊಡೆದು ಅಲುಗಾಡದಂತೆ ಮಾಡಿ, ಕವಣೆಯಂತ್ರದಿಂದ ಅವನ ಮೇಲೆ ವೈನ್ ಬಾಟಲಿ ಎಸೆಯುತ್ತಾರೆ. ಇನ್ನೊಂದರಲ್ಲಿ ಚೀಸ್ ತಯಾರಿಸುವ ಡೈರಿಯಲ್ಲೇ ಒಬ್ಬಾಕೆಯನ್ನು ಚೀಸಿನ ದೊಡ್ಡ ಚಕ್ರದಿಂದ ಜಜ್ಜಿ ಮುಗಿಸುತ್ತಾರೆ. “ಅಯ್ಯೋ, ಅಷ್ಟೂ ಚೀಸು ದಂಡ” ಎಂದು ಅಮ್ಮ ಲೊಚಗುಟ್ಟಿದಳು. ಸತ್ತವಳ ಬಗ್ಗೆ ಮನೆಯಲ್ಲಿ ಯಾರೂ ಚಕಾರವೆತ್ತಲಿಲ್ಲ.

ಮಗಳು ಮಾತ್ರ ಮೂಗು ಮುರಿದಳು. ಅವಳದು ‘ಬ್ರಾಡ್‌ಚರ್ಚ್’ ಪಂಗಡ. 2013ರ ಆ ಧಾರಾವಾಹಿಯಲ್ಲಿ ಒಬ್ಬ ಹುಡುಗನ ಸಾವಿನ ಸುತ್ತ ಇಡೀ ಊರು ಎಂಟು ಕಂತು ನರಳುತ್ತದೆ. ಡೇವಿಡ್ ಟೆನೆಂಟ್, ಒಲಿವಿಯಾ ಕೋಲ್ಮನ್ ನಟನೆ ನೋಡಿ ಗಂಟಲು ಕಟ್ಟಿದ್ದು ನಿಜ. ಆದರೂ ಎಂಟು ಕಂತಿಗೆ ಒಂದೇ ಕೊಲೆ ಎಂಬುದು ನನಗೆ ಜಿಪುಣತನ ಅನ್ನಿಸಿತು. ಅದನ್ನು ನೋಡಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಮಿಡ್‌ಸೋಮರ್‌ನಲ್ಲಿ ಎರಡನೆಯ ಹೆಣ ಬಿದ್ದರೆ ಸಾಕು, ನನಗೆ ಗೊರಕೆ.

ಮೊದಲ ಪತ್ತೇದಾರ ಟಾಮ್ ಬಾರ್ನಬಿ, ಅಂದರೆ ಜಾನ್ ನೆಟಲ್ಸ್, ನನ್ನ ಆರಾಧ್ಯ ದೈವವಾದ. ಅವನ ಹೆಂಡತಿ ಜಾಯ್ಸ್‌ಳ ಅಡುಗೆ ಮಾತ್ರ ದೇವರಿಗೇ ಪ್ರೀತಿ. “ಪಾಪ, ಆ ಮನುಷ್ಯ ಹೇಗೆ ತಿಂತಾನೋ” ಎಂದು ನಾನು ಸಾರನ್ನ ಕಲಸುತ್ತ ಮರುಗಿದೆ. ಪಕ್ಕದಲ್ಲಿ ಸೌಟಿನ ಸದ್ದು ನಿಂತಿತು. “ರೀ, ಬಾರ್ನಬಿ ಯಾವತ್ತಾದ್ರೂ ಉಪ್ಪು ಕಮ್ಮಿ ಅಂದಿದ್ದು ಕೇಳಿದೀರಾ? ಫೋನ್ ಬಂದ ತಕ್ಷಣ ಕೋಟು ಹಾಕ್ಕೊಂಡು ಮರ್ಯಾದೆಯಾಗಿ ಎದ್ದು ಹೋಗ್ತಾರೆ. ನಿಮಗೆ ಫೋನೂ ಬರಲ್ಲ.” ಅಂದಿನಿಂದ ಜಾಯ್ಸ್ ವಿಷಯದಲ್ಲಿ ನಾನು ತಟಸ್ಥ.

2011ರಲ್ಲಿ ನೆಟಲ್ಸ್ ಹೊರಟು, ಟಾಮ್‌ನ ಕಸಿನ್ ಜಾನ್ ಬಾರ್ನಬಿಯಾಗಿ ನೀಲ್ ಡಡ್ಜನ್ ಬಂದ. ಆ ಕಂತುಗಳನ್ನು ತಲುಪಿದಾಗ ನಾನು ಎದ್ದು ನಿಂತು ಘೋಷಿಸಿದೆ: “ಇಲ್ಲಿಗೆ ಮುಗೀತು. ಇವನ ಮುಖದಲ್ಲಿ ಗಾಂಭೀರ್ಯವೇ ಇಲ್ಲ.” ಅಮ್ಮ ಕನ್ನಡಕ ಸರಿಮಾಡಿಕೊಂಡಳು. “ಇವನು ಆ ತೋಟದ ಮಾಲಿ ಅಲ್ವೇನೋ?”

ನಾನು ನಕ್ಕೆ. ಇಂಗ್ಲಿಷ್ ಬಾರದ ಹಿರಿಜೀವ, ಬಿಳಿಯರೆಲ್ಲ ಒಂದೇ ಥರ ಕಾಣುತ್ತಾರೆ ಎಂದು ಮಗಳಿಗೆ ಸಮಜಾಯಿಷಿ ಕೊಟ್ಟೆ. ಅವಳು ಮೊಬೈಲ್‌ನಲ್ಲಿ ಹುಡುಕಿದಳು. 2000ದ ‘ಗಾರ್ಡನ್ ಆಫ್ ಡೆತ್’ ಕಂತಿನಲ್ಲಿ ತೋಟದ ಕೆಲಸದವನಾಗಿ ನಟಿಸಿದ್ದು ಇದೇ ನೀಲ್ ಡಡ್ಜನ್! “ನೀನು ಇಂಗ್ಲಿಷ್ ಕೇಳ್ತಾ ಕೂತಿರ್ತೀಯ, ನಾನು ಮುಖ ನೋಡ್ತಿರ್ತೀನಿ” ಎಂದಳು ಅಮ್ಮ. ಕೊಲೆಗಾರರನ್ನೂ ಅವಳು ಹಿಡಿಯುವುದು ಹೀಗೆಯೇ. ಪಾದ್ರಿ ಕಾಣಿಸಿದ ಕೂಡಲೇ “ಇವನ ನಗು ಸರಿ ಇಲ್ಲ” ಅಂದರೆ ಮುಗಿಯಿತು, ಉಳಿದ ಒಂದೂವರೆ ಗಂಟೆ ಬಾರ್ನಬಿ ಸುಮ್ಮನೆ ಪೆಟ್ರೋಲು ಸುಡುತ್ತಾನೆ. ಮಾಲಿ ಇನ್‌ಸ್ಪೆಕ್ಟರಾದ ಕಥೆ ನನ್ನ ಮನಸ್ಸು ಕರಗಿಸಿತು. ಡಡ್ಜನ್ ಪರವಾಗಿ ಹೊಸ ತೀರ್ಪು ಹೊರಬಿತ್ತು.

ಅಷ್ಟರಲ್ಲಿ ಸಿದ್ಧಾಂತದ ಪ್ರಶ್ನೆ ಎದುರಾಯಿತು. ಈ ಧಾರಾವಾಹಿಯಲ್ಲಿ ಬಿಳಿಯರಲ್ಲದವರಿಗೆ ಜಾಗವಿಲ್ಲ ಎಂಬ ಅರ್ಥದ ಮಾತಾಡಿ ಅದರ ನಿರ್ಮಾಪಕ ಬ್ರಯನ್ ಟ್ರೂ-ಮೇ 2011ರಲ್ಲಿ ಅಮಾನತಾಗಿದ್ದ ಸುದ್ದಿ ಓದಿದೆ. ರಕ್ತ ಕುದಿಯಿತು. ಬಹಿಷ್ಕಾರ ಹಾಕಿದೆ. ಅದು ರಾತ್ರಿ ಊಟದ ತನಕ ಬಾಳಿತು. ಹಾಲ್‌ನಿಂದ ಥೆರಮಿನ್ ಕೇಳಿಸಿತಲ್ಲ! 2016ರ ಕಂತುಗಳಲ್ಲಿ ಮಂಜಿಂದರ್ ವಿರ್ಕ್ ಎಂಬ ನಟಿ ಡಾಕ್ಟರ್ ಕ್ಯಾಮ್ ಆಗಿ ಬಂದಾಗ ನಾನು ಚಪ್ಪಾಳೆ ತಟ್ಟಿ, “ನೋಡಿ, ಕೊನೆಗೂ ನಮ್ಮೋರು ಬಂದ್ರು!” ಎಂದೆ. “ಬಂದಿದ್ದು ಹೆಣ ಕುಯ್ಯೋಕೆ” ಎಂದಳು ಹೆಂಡತಿ.

ಈ ವಾರದ ತೀರ್ಪು: ಇಬ್ಬರು ಬಾರ್ನಬಿಗಳಲ್ಲಿ ನೆಟಲ್ಸ್ ಒಂದು ಕೈ ಮೇಲು. ಹೊಸದಾಗಿ ನೋಡುವವರು 1997ರ ಮೊದಲ ಕಂತು ‘ದಿ ಕಿಲ್ಲಿಂಗ್ಸ್ ಅಟ್ ಬ್ಯಾಜರ್ಸ್ ಡ್ರಿಫ್ಟ್’ನಿಂದಲೇ ಶುರು ಮಾಡಿ. ಊಟ ಮುಗಿಸಿಕೊಂಡೇ ಕೂತುಕೊಳ್ಳಿ, ಜಾಯ್ಸ್ ಒಲೆಯ ಹತ್ತಿರ ಕಂಡಾಗ ಬಾಯಿ ಬಿಡಬೇಡಿ. ಕೊಲೆಗಾರ ಯಾರೆಂದು ಕೊನೆಯ ತನಕ ಗೊತ್ತಾಗಬಾರದು ಎಂದಿದ್ದರೆ ಮನೆಯ ಹಿರಿಯರನ್ನು ಎಂಟು ಗಂಟೆಗೆಲ್ಲ ಮಲಗಿಸಿಬಿಡಿ.