ಪಾಸ್ಟರಗೋಳಿಗೂ ಒಬ್ಬ ಗೆಳೆಯ ಬೇಕ್ರೀ

“ಅಕ್ಕೋರ, ನಿಮ್ಮ ಚರ್ಚಿಗೆ ಹೊಸಾ ಪಾಸ್ಟರಗೋಳು ಬಂದಾರಂತಲ್ರೀ. ಹೆಂಗದಾರ?”

ಬೇಲಿಯಾಚೆಯಿಂದ ಕಾಕಾ ಕೇಳಿದ್ದು ಇಷ್ಟೇ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಹಿತ್ತಲಿಗೆ ಅವರ ಹಿತ್ತಲು ಹೊಂದಿಕೊಂಡಿದೆ. ಕಾಕಾ ಇಳಕಲ್ಲಿನವರು, ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದು, ಮಗನ ನೌಕರಿಯ ಕಾರಣಕ್ಕೆ ಇಲ್ಲಿಗೆ ಬಂದವರು. ನಾನು ಗುಳೇದಗುಡ್ಡದ ಕ್ರೈಸ್ತ ಮನೆತನದವಳು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಸಂಜೆ ಬಿಸಿಲು ಇಳಿಯಿತೆಂದರೆ ನಮ್ಮ ಮಾತಿಗೆ ಇಂಥದೇ ವಿಷಯ ಅಂತಿಲ್ಲ. ಜೋಳದ ಧಾರಣೆ, ಆಲಮಟ್ಟಿಯ ಹಿನ್ನೀರು, ಮೊಮ್ಮಕ್ಕಳ ಪರೀಕ್ಷೆ, ಯಾವುದಾದರೂ ಆದೀತು. ಅವತ್ತು ಪಾಸ್ಟರರ ವಿಷಯ ಬಂತು.

“ಛಲೋ ಅದಾರ್ರೀ ಕಾಕಾ. ಆದ್ರ ಅವರು ಹೆಂಗದಾರ ಅಂತ ಎಲ್ಲಾರೂ ಕೇಳತಾರ. ನಾವು ಅವರ ಕೂಡ ಹೆಂಗ ಇರಬೇಕು ಅಂತ ಯಾರೂ ಕೇಳೂದಿಲ್ಲ ನೋಡ್ರಿ.”

ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದ್ದ ಮಾತು ಅದು. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಪಾಸ್ಟರರಿಗೆ ಕೆಲವು ವರ್ಷಕ್ಕೊಮ್ಮೆ ಬದಲಿ ಆಗುತ್ತದೆ. ಧಾರವಾಡದಿಂದ ಬಿಷಪ್‌ರ ಆದೇಶ ಬರುತ್ತದೆ, ಸಾಮಾನು ಲಾರಿಗೇರುತ್ತದೆ, ಮಕ್ಕಳ ಶಾಲೆ ಬದಲಾಗುತ್ತದೆ. ಹೊಸ ಊರಿಗೆ ಬಂದ ಮೊದಲ ರವಿವಾರವೇ ತೂಕ ಹಾಕುವುದು ಶುರು. ಹಿಂದಿನವರ ದನಿ ದೊಡ್ಡದಿತ್ತು, ಇವರದು ಸಣ್ಣದು. ಹಿಂದಿನವರು ಎಲ್ಲರ ಮನೆಗೆ ಬರುತ್ತಿದ್ದರು, ಇವರು ಇನ್ನೂ ಬಂದಿಲ್ಲ. ಅವರ ಹೆಂಡತಿ ಸ್ತ್ರೀಯರ ಕೂಟದಲ್ಲಿ ಹಾಡು ಕಲಿಸುತ್ತಿದ್ದರು, ಇವರ ಹೆಂಡತಿ ಮುಂದೆ ಬರುವುದಿಲ್ಲ. ಪೆಟ್ಟಿಗೆ ಬಿಚ್ಚುವ ಮುಂಚೆಯೇ ಅವರು ಹೇಗೆ ಅನ್ನುವುದು ತೀರ್ಮಾನ ಆಗಿಬಿಟ್ಟಿರುತ್ತದೆ.

“ಅಲ್ರೀ ಅಕ್ಕೋರ, ದೇವರ ಕೆಲಸ ಮಾಡೋರಿಗೆ ನಮ್ಮ ಆಸರಾ ಯಾಕ ಬೇಕು? ದೇವರ ಇರತಾನಲ್ಲ?”

ಕಾಕಾ ಮನಸ್ಸಿನಿಂದಲೇ ಕೇಳಿದರು. ನಮ್ಮ ಸಭೆಯವರೇ ಎಷ್ಟೋ ಜನ ಹೀಗೆಯೇ ತಿಳಿದಿದ್ದಾರೆ. ಅದಕ್ಕೆ ನಾನು ಬೈಬಲ್ಲಿನ ಮೋಶೆಯ ಕಥೆ ಹೇಳಿದೆ. ಅಮಾಲೇಕ್ಯರ ಕೂಡ ಯುದ್ಧ ನಡೆದಾಗ ಮೋಶೆ ಗುಡ್ಡದ ಮೇಲೆ ಕೈ ಎತ್ತಿ ನಿಂತ. ಕೈ ಮೇಲಿದ್ದಾಗ ಅವನ ಜನ ಗೆಲ್ಲುತ್ತಿದ್ದರು, ಕೈ ಇಳಿದರೆ ಸೋಲುತ್ತಿದ್ದರು. ಕೈ ಸೋತು ಭಾರವಾಯಿತು. ಆಗ ಆರೋನ, ಹೂರ ಇಬ್ಬರೂ ಅವನಿಗೆ ಕೂರಲು ಕಲ್ಲು ತಂದಿಟ್ಟು, ಆಚೆಗೊಬ್ಬ ಈಚೆಗೊಬ್ಬ ನಿಂತು ಹೊತ್ತು ಮುಳುಗುವ ತನಕ ಆ ಕೈಗಳನ್ನು ಹಿಡಿದರು. ಅದರ ಮುಂದಿನ ಅಧ್ಯಾಯದಲ್ಲಿ ಮೋಶೆಯ ಮಾವ ಇತ್ರೋ ಬರುತ್ತಾನೆ. ಅಳಿಯ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ನ್ಯಾಯ ಬಗೆಹರಿಸುವುದನ್ನು ನೋಡಿ, ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ದಣಿಯುತ್ತೀ ನಿನ್ನ ಜನರೂ ದಣಿಯುತ್ತಾರೆ, ಯೋಗ್ಯರನ್ನು ಆರಿಸಿ ಕೆಲಸ ಹಂಚು ಎಂದು ನೇರವಾಗಿ ಹೇಳುತ್ತಾನೆ. ಮೋಶೆ ಆ ಮಾತನ್ನು ಕೇಳಿದ. ದೇವರ ಕೂಡ ಮಾತಾಡಿ ಬಂದವನಿಗೂ ಕೈ ಹಿಡಿಯುವವರು ಇಬ್ಬರು ಬೇಕಾದರು, ತಪ್ಪು ತೋರಿಸುವ ಮಾವನೊಬ್ಬ ಬೇಕಾದ.

ಕಾಕಾ ತಲೆ ಆಡಿಸಿದರು. “ಖರೇ ಐತ್ರೀ. ನಮ್ಮ ಹುನಗುಂದ ಸೀಮ್ಯಾಗಿನ ಕೂಡಲಸಂಗಮದ ಬಸವಣ್ಣೋರನ್ನ ತಗೋರಿ. ಅವರು ಮಂತ್ರಿ ಆಗಿದ್ರು, ಭಂಡಾರ ಅವರ ಕೈಯಾಗ ಇತ್ತು. ಆದ್ರ ಅನುಭವ ಮಂಟಪದಾಗ ಮ್ಯಾಲ ಕುಂತವ್ರು ಅಲ್ಲಮಪ್ರಭುಗೋಳು. ಬಸವಣ್ಣೋರಿಗೂ ಕೇಳೋರು ಇದ್ರು.”

ಅದೇ ಮಾತು ನನಗೂ ಬೇಕಾಗಿತ್ತು. ಮುಂದಾಳು ಅನ್ನಿಸಿಕೊಂಡವರನ್ನು ಪ್ರೀತಿಯಿಂದ ಪ್ರಶ್ನೆ ಮಾಡುವವರೊಬ್ಬರು ಇರಬೇಕು. ದಣಿವನ್ನು ಹೇಳಿಕೊಳ್ಳಲು ಒಬ್ಬರು ಇರಬೇಕು. ಇವೆರಡೂ ಇಲ್ಲದ ಕಡೆ ಪಾಸ್ಟರ್ ಒಂದೋ ಒಳಗೊಳಗೇ ಸೊರಗುತ್ತಾರೆ, ಇಲ್ಲವೇ ಯಾರ ಮಾತನ್ನೂ ಕೇಳದ ದೊರೆಯಾಗುತ್ತಾರೆ. ಎರಡರಲ್ಲೂ ಸಭೆ ಕೆಡುತ್ತದೆ.

ನಮ್ಮ ಸಭೆಯ ಚರಿತ್ರೆಯಲ್ಲಿ ಒಬ್ಬರಿಗೊಬ್ಬರು ಆಸರೆಯಾದದ್ದೂ ಇದೆ, ಒಬ್ಬರ ಮೇಲೊಬ್ಬರು ಕಣ್ಣಿಟ್ಟದ್ದೂ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನಮ್ಮ ಗುಳೇದಗುಡ್ಡ. ಖಣ ನೇಯುವವರ ಓಣಿಗಳಲ್ಲಿ ಈ ಪರದೇಶದವರು ಕನ್ನಡ ಕಲಿತು ಓಡಾಡಿದರು. ದೂರದೂರದ ಠಾಣೆಗಳು, ಜ್ವರ, ವಾಂತಿಭೇದಿ, ಸಣ್ಣ ವಯಸ್ಸಿನಲ್ಲೇ ಸಾವು. 1876ರಿಂದ 78ರವರೆಗಿನ ಡೋಗಿ ಬರ ಈ ಸೀಮೆಯನ್ನು ಹಿಂಡಿ ಹಾಕಿತು. ಅಂಥ ಕಾಲದಲ್ಲಿ ಸೇವೆ ಮಾಡಿದವರಿಗೆ ಜೊತೆಗಾರರು ಎಷ್ಟು ಬೇಕಾಗಿದ್ದಿರಬಹುದು.

ಹೆರ್ಮನ್ ಮೊಗ್ಲಿಂಗ್ ಹೆಸರು ಕಾಕಾನಿಗೂ ಗೊತ್ತು. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದವರು, ಕನ್ನಡದ ಮೊದಲ ಪತ್ರಿಕೆಯವರು. ಆದರೆ ನಾನು ಅವರನ್ನು ನೆನೆಸುವುದು ಗೆಳೆತನಕ್ಕಾಗಿ. ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಸಿಟ್ಟಿಗೆದ್ದಿತ್ತು. ಮೊಗ್ಲಿಂಗರು ಆ ತರುಣನನ್ನು ಶಿಷ್ಯನಾಗಿ ಅಷ್ಟೇ ಇಟ್ಟುಕೊಳ್ಳಲಿಲ್ಲ. 1846ರಲ್ಲಿ ಬಾಸೆಲ್ಲಿಗೆ ಓದಲು ಹೋದ ಕೌಂಡಿನ್ಯರು 1851ರಲ್ಲಿ ಅಭಿಷಿಕ್ತ ಮಿಶನರಿಯಾಗಿ ತಿರುಗಿ ಬಂದು, ಬಿಳಿಯರ ಸಾಲಿನಲ್ಲಿ ಸಮನಾಗಿ ನಿಂತು ಪಾಠ ಹೇಳಿದರು. ಮುಂದೆ ಕೊಡಗಿನಲ್ಲಿ ಇಬ್ಬರೂ ಕೂಡಿ ದುಡಿದರು. ಮೊಗ್ಲಿಂಗರ ಗೆಳೆಯ ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ ಅವರ ಹೆಂಡತಿ ಪಾಲಿನರನ್ನು ಮದುವೆಯಾಗಿ ಆ ಸಂಸಾರಕ್ಕೂ ಮೊಗ್ಲಿಂಗರೇ ಆಸರೆಯಾದರು. ಪುಸ್ತಕ, ಪತ್ರಿಕೆ, ಶಾಲೆ ಇವೆಲ್ಲದರ ಹಿಂದೆ ಇಂಥ ಮನುಷ್ಯ ಸಂಬಂಧಗಳಿದ್ದವು.

ಇನ್ನೊಂದು ಮುಖವೂ ಇತ್ತು. ಬಾಸೆಲ್ಲಿನ ಕಮಿಟಿಯ ಹಿಡಿತ ಬಹಳ ಬಿಗಿ. ಮಿಶನರಿ ಮದುವೆಯಾಗಬೇಕೆಂದರೂ ಅಲ್ಲಿಂದ ಒಪ್ಪಿಗೆ ಬರಬೇಕು. ಜೊತೆಗಿರುವವರ ನಡತೆ ಕೆಟ್ಟರೆ ಅದನ್ನು ಬರೆದು ತಿಳಿಸಬೇಕು. ಶಿಸ್ತಿಗೆ ಇದು ಬೇಕು ಅಂತ ಅವರು ನಂಬಿದ್ದರು. ಆದರೆ ಬಾಜೂ ಕೋಣೆಯವರು ನನ್ನ ಬಗ್ಗೆ ಏನು ಬರೆದಾರು ಎಂಬ ಅಂಜಿಕೆ ಇದ್ದಲ್ಲಿ ಮನಸ್ಸು ಬಿಚ್ಚಿ ಯಾರು ಮಾತಾಡುತ್ತಾರೆ? ಊರಿನ ಉಪದೇಶಿಗಳ ಸ್ಥಿತಿ ಇನ್ನೂ ಕಷ್ಟದ್ದು. ಕೌಂಡಿನ್ಯರಿಗೆ ಸಿಕ್ಕ ಸಮಾನತೆ ಅವರಿಗೆ ಸುಲಭವಾಗಿ ಸಿಗಲಿಲ್ಲ. ಸಭೆಯ ಹಣ, ತೀರ್ಮಾನ ಎಲ್ಲ ಮಿಶನರಿಯ ಕೈಯಲ್ಲಿದ್ದವು. 1914ರಲ್ಲಿ ಯುದ್ಧ ಶುರುವಾಗಿ ಜರ್ಮನ್ ಮಿಶನರಿಗಳನ್ನು ಅಹಮದನಗರದ ಶಿಬಿರದಲ್ಲಿಟ್ಟು ಆಮೇಲೆ ಅವರ ದೇಶಕ್ಕೆ ಕಳಿಸಿದಾಗ, ಜವಾಬ್ದಾರಿ ಒಮ್ಮೆಲೇ ಇಲ್ಲಿಯವರ ಹೆಗಲಿಗೆ ಬಂತು. ಊರಿನ ಪಾಸ್ಟರರು, ಉಪದೇಶಿಗಳು, ಸಭಾಹಿರಿಯರು ಸೇರಿ ಸಭೆಗಳನ್ನು ಉಳಿಸಿಕೊಂಡರು. ಅವರ ಶಕ್ತಿ ಮೊದಲಿನಿಂದಲೂ ಇತ್ತು, ನಂಬಿ ಕೊಡುವವರು ತಡ ಮಾಡಿದ್ದರು ಅಷ್ಟೇ.

“ಹಂಗಾರ ಈಗ ಎಲ್ಲಾ ನಿಮ್ಮ ಕೈಯಾಗ ಐತೆಲ್ರೀ?” ಅಂದರು ಕಾಕಾ.

ನಮ್ಮ ಕೈಯಲ್ಲಿದೆ, ನಿಜ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿತು. ನಮ್ಮ ಭಾಗದ ಬಾಸೆಲ್ ಸಭೆಗಳು ಆಮೇಲೆ ಅದರೊಳಗೆ ಬಂದವು. ಈಗ ಬಿಷಪ್ ನಮ್ಮವರು, ಪಾಸ್ಟರ್ ನಮ್ಮವರು, ಕಮಿಟಿ ನಮ್ಮದು. ಆದರೆ ಒಬ್ಬರ ಮೇಲೊಬ್ಬರು ಕಣ್ಣಿಡುವ ಹಳೆಯ ಚಾಳಿ ಇನ್ನೂ ಪೂರಾ ಹೋಗಿಲ್ಲ. ಈಗ ಬಾಸೆಲ್ಲಿಗೆ ಬರೆಯುವುದಿಲ್ಲ, ವಾಟ್ಸಾಪಿನಲ್ಲಿ ಬರೆಯುತ್ತಾರೆ. ಕಮಿಟಿಯ ಚುನಾವಣೆ ಬಂತೆಂದರೆ ಬೀಗರು ಬೀಗರೇ ಮಾತು ಬಿಡುತ್ತಾರೆ. ಆ ಜಗಳದ ನಡುವೆ ನಿಂತವರು ಪಾಸ್ಟರ್. ಒಂದು ಗುಂಪಿನವರ ಮನೆಯಲ್ಲಿ ಚಹಾ ಕುಡಿದರೆ ಇನ್ನೊಂದು ಗುಂಪಿಗೆ ಸಂಶಯ. ಹಾಗಾಗಿ ಎಷ್ಟೋ ಪಾಸ್ಟರರು ಯಾರ ಮನೆಯಲ್ಲೂ ಹೆಚ್ಚು ಹೊತ್ತು ಕೂರುವುದಿಲ್ಲ. ಊರ ತುಂಬ ಪರಿಚಯದವರು, ಗೆಳೆಯ ಅಂತ ಒಬ್ಬರೂ ಇಲ್ಲ.

ಅವರ ಒಂದು ರವಿವಾರ ನೋಡಿ. ಮುಂಜಾನೆ ಪಟ್ಟಣದ ಆರಾಧನೆ, ಮಧ್ಯಾಹ್ನ ಗಾಡಿ ಹತ್ತಿ ಹಳ್ಳಿಯ ಸಭೆ, ಸಂಜೆ ದವಾಖಾನೆಯಲ್ಲಿ ಮಲಗಿದವರ ಭೇಟಿ. ನಡುವೆ ಯಾರಾದರೂ ತೀರಿಕೊಂಡರೆ ಮಣ್ಣಿನ ಕಾರ್ಯ. ಬಾದಾಮಿ ಕಡೆಯ ಹಳ್ಳಿಗೆ ಹೋದವರು ರಾತ್ರಿ ಮನೆ ಮುಟ್ಟಿದಾಗ ಹೆಂಡತಿ ಮಕ್ಕಳು ಮಲಗಿರುತ್ತಾರೆ. ಎಲ್ಲರ ದುಃಖ ಕೇಳುವುದು ಅವರ ಕೆಲಸ. ಅವರ ಮಗುವಿಗೆ ಜ್ವರ ಬಂದರೆ, ಊರಲ್ಲಿ ಅವರ ತಾಯಿ ಹಾಸಿಗೆ ಹಿಡಿದರೆ, ಅವರ ನಂಬಿಕೆಯೇ ಒಂದು ದಿನ ಕುಗ್ಗಿದರೆ, ಅದನ್ನು ಯಾರ ಮುಂದೆ ಹೇಳಬೇಕು? ಸಭೆಯವರ ಮುಂದೆ ಹೇಳಿದರೆ ಪಾಸ್ಟರರಿಗೇ ಪ್ರಾರ್ಥನೆ ಬೇಕಾಯಿತಲ್ಲ ಅನ್ನುತ್ತಾರೆ. ಬಿಷಪ್‌ರ ಮುಂದೆ ಹೇಳೋಣವೆಂದರೆ ಮುಂದಿನ ಬದಲಿಯ ಚಿಂತೆ.

ಕಥೋಲಿಕ ಗುರುಗಳ ಮಾತೂ ಇದೇ. ಇಳಕಲ್ಲಿನ ಆಚೆ ಮುದಗಲ್ಲಿನಲ್ಲಿ ಹದಿನಾರನೆಯ ಶತಮಾನದಷ್ಟು ಹಳೆಯ ಕಥೋಲಿಕ ಸಭೆ ಇದೆ. ಸಂಸಾರವಿಲ್ಲದ ಗುರುಗಳಿಗೆ ಒಂಟಿತನ ಇನ್ನೊಂದು ತರಹದ್ದು. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ, ಗುರುಗಳು ಸಾಧ್ಯವಾದಲ್ಲಿ ಕೂಡಿ ಬಾಳಬೇಕು, ಕೂಡಿ ಉಣ್ಣಬೇಕು, ಆಗಾಗ ಸೇರಬೇಕು ಅಂತ ಬರೆದೇ ಇಟ್ಟಿತು. ಅಷ್ಟು ದೊಡ್ಡ ಸಭೆಗೂ ಇದು ಸಣ್ಣ ಮಾತು ಅನ್ನಿಸಲಿಲ್ಲ.

ಕಾಕಾ ಮಗ್ಗದ ಮನುಷ್ಯ, ಅವರಿಗೆ ಮಗ್ಗದ ಮಾತಿನಲ್ಲೇ ಹೇಳಿದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕುಣಿಕೆ ಹಾಕಿ ಕೂಡಿಸಬೇಕು, ಅದೂ ಒಂದೊಂದು ಸೀರೆಗೂ ಹೊಸದಾಗಿ. ಕೆಂಪು ಸೆರಗನ್ನು ಎಲ್ಲರೂ ಹೊಗಳುತ್ತಾರೆ. ಆ ಕೂಡಿಸುವ ಕೆಲಸ ಸಡಿಲಾದರೆ ಸೆರಗು ಎಷ್ಟು ಚಂದವಿದ್ದರೂ ಸೀರೆ ಉಡಲು ಬರುವುದಿಲ್ಲ. ಪಾಸ್ಟರ್ ಮತ್ತು ಸಭೆಯ ಸಂಬಂಧವೂ ಪ್ರತಿ ಸಲ ಹೊಸದಾಗಿ, ಕೈಯಾರೆ ಕೂಡಿಸಬೇಕಾದದ್ದು.

“ಆ ಕುಣಿಕಿ ಹಾಕೂದಕ್ಕ ತಾಳ್ಮಿ ಭಾಳ ಬೇಕ್ರೀ ಅಕ್ಕೋರ. ನಮ್ಮ ಮನ್ಯಾಗ ಹೆಣ್ಮಕ್ಕಳ ಮಾಡತಿದ್ರು,” ಅಂದರು ಕಾಕಾ.

ಹೆಣ್ಣುಮಕ್ಕಳ ಮಾತು ಬಂದದ್ದು ಒಳ್ಳೆಯದಾಯಿತು. ಪಾಸ್ಟರರ ಹೆಂಡತಿಗೆ ಪಗಾರವಿಲ್ಲ, ಹುದ್ದೆಯಿಲ್ಲ. ಆದರೂ ಸಂಡೇಸ್ಕೂಲು, ಸ್ತ್ರೀಯರ ಕೂಟ, ಬಂದವರಿಗೆ ಚಹಾ, ಎಲ್ಲವೂ ಅವರದೇ ಕೆಲಸ ಅಂತ ನಾವು ಹಿಡಿದುಬಿಟ್ಟಿದ್ದೇವೆ. ಅವರಲ್ಲಿ ಎಷ್ಟೋ ಜನ ಓದಿದವರು, ತಮ್ಮದೇ ನೌಕರಿ ಇದ್ದವರು. ಅವರಿಗೆ ಇಷ್ಟವಿದ್ದರೆ ಮಾಡಲಿ. ಇಷ್ಟವಿಲ್ಲದಿದ್ದರೆ ನಮ್ಮೆಲ್ಲರ ಹಾಗೆ ಬೆಂಚಿನ ಮೇಲೆ ಕೂತು ಹಾಡಿ ಮನೆಗೆ ಹೋಗುವ ಹಕ್ಕು ಅವರಿಗೂ ಇದೆ.

ಪ್ರೀತಿ ಅಂದರೆ ತಪ್ಪು ಮುಚ್ಚುವುದಲ್ಲ, ಅದನ್ನೂ ಕಾಕಾನಿಗೆ ಹೇಳಿದೆ. ಹಣದ ಲೆಕ್ಕ ಒಬ್ಬರ ಕೈಯಲ್ಲಿ ಇರಬಾರದು. ಕಾಣಿಕೆಯನ್ನು ಇಬ್ಬರು ಎಣಿಸಬೇಕು, ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವ ಹಾಗೆ ಹಚ್ಚಬೇಕು. ಹೆಣ್ಣುಮಕ್ಕಳು, ಸಣ್ಣ ಮಕ್ಕಳು ದೂರು ಹೇಳಿದರೆ ಅದನ್ನು ಸಭೆಯ ಮರ್ಯಾದೆಯ ಹೆಸರಿನಲ್ಲಿ ಒತ್ತಿಹಾಕಬಾರದು. ಇಂಥ ಕಟ್ಟುಪಾಡು ಇದ್ದಲ್ಲಿ ಒಳ್ಳೆಯ ಪಾಸ್ಟರರಿಗೇ ನೆಮ್ಮದಿ, ಯಾಕೆಂದರೆ ಅವರ ಮೇಲೆ ಸುಳ್ಳು ಸಂಶಯ ನಿಲ್ಲುವುದಿಲ್ಲ.

ಜಗಳ ಬರುವುದೇ ಇಲ್ಲ ಅಂತಲೂ ಅಲ್ಲ. ಬೈಬಲ್ಲಿನ ಪೌಲ, ಬಾರ್ನಬ ಇಬ್ಬರೂ ದೊಡ್ಡ ಸೇವಕರು. ಮಾರ್ಕನೆಂಬ ಹುಡುಗನನ್ನು ಕರೆದೊಯ್ಯಬೇಕೋ ಬೇಡವೋ ಎಂಬ ಒಂದೇ ಕಾರಣಕ್ಕೆ ಕಟುವಾಗಿ ಜಗಳಾಡಿ ಬೇರೆ ಬೇರೆ ದಾರಿ ಹಿಡಿದರು. ಬೈಬಲ್ ಅದನ್ನು ಮುಚ್ಚಿಡಲಿಲ್ಲ. ಬಾರ್ನಬ ಆ ಹುಡುಗನ ಕೈ ಬಿಡಲಿಲ್ಲ. ವರ್ಷಗಳ ಮೇಲೆ ಅದೇ ಪೌಲ ಸೆರೆಮನೆಯಲ್ಲಿದ್ದಾಗ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನ್ನ ಸೇವೆಗೆ ಉಪಯೋಗ ಅಂತ ಬರೆದು ಕಳಿಸಿದ. ಮುರಿದ ಸಂಬಂಧ ಮತ್ತೆ ಕೂಡಿತು, ಒಬ್ಬರು ಬಿಟ್ಟವನನ್ನು ಇನ್ನೊಬ್ಬರು ಹಿಡಿದುಕೊಂಡಿದ್ದರಿಂದ. ಎಡವಿದ ಕಿರಿಯ ಪಾಸ್ಟರರ ಪಕ್ಕ ನಿಲ್ಲುವ ಹಿರಿಯರೊಬ್ಬರು ಪ್ರತಿ ಸಭಾಪ್ರಾಂತದಲ್ಲಿ ಇರಬೇಕು. ಅವರ ಕೈಯಲ್ಲಿ ಬದಲಿಯ ಅಧಿಕಾರ ಇರಬಾರದು, ಕೇಳುವ ಕಿವಿ ಇರಬೇಕು.

“ಹಂಗಾರ ನೀವೇನು ಮಾಡವ್ರು?” ಕಾಕಾ ನೇರವಾಗಿ ಕೇಳಿದರು.

ನಾನು ಕಮಿಟಿಯ ಮುಂದೆ ಇಡಬೇಕೆಂದಿರುವುದು ಸಣ್ಣ ಸಂಗತಿಗಳು. ವಾರಕ್ಕೊಂದು ದಿನ ಪಾಸ್ಟರರಿಗೆ ಬಿಡುವು, ಅವತ್ತು ಸಾವು ನೋವು ಬಿಟ್ಟರೆ ಯಾರೂ ಫೋನು ಮಾಡುವಂತಿಲ್ಲ. ಪ್ರಸಂಗ ಹಿಡಿಸದಿದ್ದರೆ ಅವರಿಗೇ ಹೇಳಬೇಕು, ಓಣಿಯಲ್ಲಿ ಹೇಳಬಾರದು. ಬಾಗಲಕೋಟೆ, ಗುಳೇದಗುಡ್ಡ, ಬಾದಾಮಿ, ಹುನಗುಂದ, ಇಳಕಲ್ಲಿನ ಸೇವಕರು ಯಾವ ಸಭೆಯವರೇ ಆಗಲಿ, ತಿಂಗಳಿಗೊಮ್ಮೆ ಒಂದೆಡೆ ಕೂಡಿ ಊಟ ಮಾಡಬೇಕು, ಅದರ ಬಸ್ ಚಾರ್ಜು ಸಭೆಗಳು ಕೊಡಬೇಕು. ಹುನಗುಂದ, ಇಳಕಲ್ ಒಂದೇ ಹೆದ್ದಾರಿಯ ಮೇಲಿವೆ, ಉಳಿದವೂ ದೂರವಲ್ಲ. ಮನಸ್ಸು ಮಾಡಿದರೆ ಆಗುವ ಕೆಲಸ. ಕೊನೆಯದಾಗಿ, ಅವರನ್ನು ಮನೆಗೆ ಕರೆದಾಗ ಪ್ರತಿ ಸಲ ಪ್ರಾರ್ಥನೆ ಮಾಡಿಸಿ ಕಳಿಸಬಾರದು, ಸುಮ್ಮನೆ ಉಣ್ಣಲಿಕ್ಕೂ ಕರೆಯಬೇಕು.

ಇದನ್ನು ಕೇಳಿ ಕಾಕಾ ಒಳಗಿದ್ದ ಕಾಕಿಯನ್ನು ಕೂಗಿದರು. “ಏ ಕೇಳಿದೇನ? ಅಕ್ಕೋರ ಚರ್ಚಿನ ಪಾಸ್ಟರಗೋಳನ್ನ ನಮ್ಮನಿಗೆ ಊಟಕ್ಕ ಕರಿಯೂಣು. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಮಾಡು.” ಆಮೇಲೆ ನನ್ನ ಕಡೆ ತಿರುಗಿ, “ಅವರು ನನ್ನ ಕೂಡ ಚರ್ಚಿನ ಮಾತು ಆಡೂದು ಬ್ಯಾಡ, ನಾನು ಮಠದ ಮಾತು ಆಡೂದಿಲ್ಲ. ಮಕ್ಕಳು ಮರಿ, ಮಳಿ ಬೆಳಿ ಇಷ್ಟ ಮಾತಾಡೂಣು. ಯಾವತ್ತ ಬರತಾರ ಕೇಳ್ರಿ,” ಅಂದರು.

ನಾನು ಆಗಲೇ ಫೋನು ಹಚ್ಚಿ ಕೇಳಿದೆ. ಸೋಮವಾರ ಬರುತ್ತೇವೆ ಅಂದರು ಪಾಸ್ಟರ್, ಹೆಂಡತಿ ಮಕ್ಕಳೊಂದಿಗೆ.